ಕಡಲಿಗೆ ಬೆನ್ನು ತಿರುಗಿಸಿದ ನದಿ

ಅಂಟಾರ್ಕ್ಟಿಕಾದಲ್ಲೂ ನದಿಗಳಿವೆ. ಅವುಗಳಲ್ಲಿ ಅತಿ ಉದ್ದದ್ದು ಓನಿಕ್ಸ್. ಅದರ ಉದ್ದ ಸುಮಾರು 32 ಕಿಲೋಮೀಟರ್. ಭಾರತಕ್ಕಿಂತ ನಾಲ್ಕು ಪಟ್ಟು ದೊಡ್ಡದಾದ ಒಂದು ಖಂಡದ ಮಹಾನದಿ, ಬೆಂಗಳೂರಿನಿಂದ ಬಿಡದಿಗೆ ಹೋಗುವಷ್ಟರಲ್ಲಿ ಮುಗಿದುಹೋಗುತ್ತದೆ. ವರ್ಷದಲ್ಲಿ ಹರಿಯುವುದೂ ಎರಡು ತಿಂಗಳ ಆಸುಪಾಸು ಮಾತ್ರ. ಉಳಿದ ಹತ್ತು ತಿಂಗಳು ಅಲ್ಲಿ ಇರುವುದು ಒಣ ಜಲ್ಲಿಕಲ್ಲಿನ ಒಂದು ಹರವು, ಅಷ್ಟೆ. ಅದರಲ್ಲಿ ಮೀನಿಲ್ಲ. ದಡದಲ್ಲಿ ಹುಲ್ಲಿಲ್ಲ, ಮರವಿಲ್ಲ, ಊರಿಲ್ಲ. ಯಾರೂ ಅದಕ್ಕೆ ಅಣೆಕಟ್ಟು ಕಟ್ಟಿಲ್ಲ, ಬಾಗಿನ ಬಿಟ್ಟಿಲ್ಲ.

ಇದಕ್ಕಿಂತ ವಿಚಿತ್ರವಾದದ್ದು ಅದು ಹರಿಯುವ ದಿಕ್ಕು. ಸಮುದ್ರ ಇರುವುದು ಪೂರ್ವಕ್ಕೆ. ಓನಿಕ್ಸ್ ಹುಟ್ಟುವುದೂ ಸಮುದ್ರದ ಕಡೆಯ ತುದಿಯಲ್ಲೇ. ಆದರೆ ಹರಿಯುವುದು ಮಾತ್ರ ಪಶ್ಚಿಮಕ್ಕೆ, ಖಂಡದ ಒಳಮುಖವಾಗಿ.

ಕನ್ನಡಿಗರಿಗೆ ಇದರಲ್ಲಿ ಅರ್ಧ ಸಂಗತಿ ಹೊಸದೇನಲ್ಲ. ತುಂಗೆ, ಭದ್ರೆ, ಕಾವೇರಿ ಎಲ್ಲವೂ ಅರಬ್ಬಿ ಸಮುದ್ರಕ್ಕೆ ಹತ್ತಿರದಲ್ಲಿ ಹುಟ್ಟಿ, ಅದಕ್ಕೆ ಬೆನ್ನು ಮಾಡಿ ಪೂರ್ವಕ್ಕೆ ನಡೆದ ನದಿಗಳೇ. ದಖ್ಖನ್ ಪ್ರಸ್ಥಭೂಮಿ ಪೂರ್ವಕ್ಕೆ ವಾಲಿರುವುದು ಅದಕ್ಕೆ ಕಾರಣ. ಆದರೂ ಅವು ಕೊನೆಗೊಂದು ಸಮುದ್ರವನ್ನು ಸೇರುತ್ತವೆ; ಹತ್ತಿರದ್ದಲ್ಲದಿದ್ದರೆ ದೂರದ್ದು. ಓನಿಕ್ಸ್‌ಗೆ ಆ ಭಾಗ್ಯವಿಲ್ಲ. ಅದು ವಾಂಡಾ ಎಂಬ ಸರೋವರಕ್ಕೆ ಬಿದ್ದು ಅಲ್ಲೇ ನಿಲ್ಲುತ್ತದೆ. ಅಲ್ಲಿಂದ ನೀರು ಹೊರಹೋಗಲು ಕೋಡಿ ಇಲ್ಲ, ತೂಬಿಲ್ಲ. ಇರುವ ದಾರಿ ಒಂದೇ: ಗಾಳಿಗೆ ಏರುವುದು.

ನಾವು ನದಿಯನ್ನು ಅಳೆಯುವುದು ಮಳೆಯಿಂದ. ಮುಂಗಾರು ಕೈಕೊಟ್ಟರೆ ಹೊಳೆ ಸೊರಗುತ್ತದೆ, ಮುಂಗಾರು ಕೆರಳಿದರೆ ಹೊಳೆ ಉಕ್ಕುತ್ತದೆ. ಓನಿಕ್ಸ್ ಕಣಿವೆಯಲ್ಲಿ ಮಳೆ ಎಂಬುದೇ ಇಲ್ಲ. ಬೀಳುವ ಅಷ್ಟಿಷ್ಟು ಹಿಮ ನದಿಯನ್ನು ತುಂಬಿಸುವುದಿಲ್ಲ, ಬದಲಿಗೆ ನಿಲ್ಲಿಸಿಬಿಡುತ್ತದೆ. ಹೇಗೆಂದು ಮುಂದೆ ನೋಡೋಣ. ಈ ನದಿಯ ಅನ್ನದಾತ ಬಿಸಿಲು. ಬಿಸಿಲು ಮಾತ್ರ.

ಕಣಿವೆಯ ಹೆಸರು ರೈಟ್ ಕಣಿವೆ. ದಕ್ಷಿಣ ಅಕ್ಷಾಂಶ 77.5 ಡಿಗ್ರಿಯ ಆಸುಪಾಸಿನಲ್ಲಿ, ರಾಸ್ ಸಮುದ್ರದ ಅಂಚಿನಲ್ಲಿ ಮಕ್ಮರ್ಡೊ ಒಣ ಕಣಿವೆಗಳು ಎಂಬ ಪ್ರದೇಶವಿದೆ. ಅಂಟಾರ್ಕ್ಟಿಕಾದ ಶೇಕಡ 98ರಷ್ಟು ನೆಲ ಮಂಜುಗಡ್ಡೆಯಡಿ ಹುದುಗಿದ್ದರೆ, ಇಲ್ಲಿ ಸುಮಾರು 4,800 ಚದರ ಕಿಲೋಮೀಟರ್ ಪ್ರದೇಶದ ಬಹುಭಾಗ ಬೋಳಾಗಿ ಬಿದ್ದಿದೆ. ಕಂದು ಮಣ್ಣು, ಕಪ್ಪು ಬಂಡೆ, ಬೂದು ಜಲ್ಲಿ. 1903ರ ಡಿಸೆಂಬರ್‌ನಲ್ಲಿ ಕ್ಯಾಪ್ಟನ್ ರಾಬರ್ಟ್ ಸ್ಕಾಟ್ ಇಬ್ಬರು ಸಂಗಡಿಗರೊಂದಿಗೆ ಧ್ರುವದ ಹಿಮಪ್ರಸ್ಥಭೂಮಿಯಿಂದ ಇಳಿದು ಬರುವಾಗ ಇಂಥ ಒಂದು ಕಣಿವೆಗೆ ಕಾಲಿಟ್ಟರು. ಅದು ರೈಟ್ ಕಣಿವೆಯ ದಕ್ಷಿಣದ ನೆರೆಯಾದ, ಈಗ ಟೇಲರ್ ಎಂದು ಕರೆಯುವ ಕಣಿವೆ. ಒಂದು ಪಾಚಿಯ ಚೂರೂ ಕಣ್ಣಿಗೆ ಬೀಳದ ಆ ಜಾಗವನ್ನು ಅವರು ಸತ್ತವರ ಕಣಿವೆ ಎಂದು ತೀರ್ಮಾನಿಸಿದರು. ಆ ತೀರ್ಮಾನ ತಪ್ಪೆಂದು ಗೊತ್ತಾಗಲು ದಶಕಗಳೇ ಹಿಡಿದವು.

ರೈಟ್ ಎಂದರೆ ಚಾರ್ಲ್ಸ್ ರೈಟ್. ಕೆನಡಾ ಮೂಲದ ಭೌತವಿಜ್ಞಾನಿ, ಸ್ಕಾಟ್‌ರ 1910–13ರ ಕೊನೆಯ ಯಾತ್ರೆಯ ಸದಸ್ಯ. ಧ್ರುವದಿಂದ ಹಿಂತಿರುಗದ ಸ್ಕಾಟ್‌ರನ್ನು ಹುಡುಕಿ ಹೊರಟ ತಂಡದಲ್ಲಿ, ಹಿಮದಲ್ಲಿ ಅರ್ಧ ಹೂತಿದ್ದ ಡೇರೆಯನ್ನು ಮೊದಲು ಕಂಡವರು ಇವರೇ. ಅವರ ಹೆಸರು ಮೊದಲು ಒಂದು ಹಿಮನದಿಗೆ ಬಂತು. 1958–59ರ ಬೇಸಿಗೆಯಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್ನಿನ ವಿಕ್ಟೋರಿಯಾ ವಿಶ್ವವಿದ್ಯಾಲಯದ ತಂಡವೊಂದು ಇಲ್ಲಿಗೆ ಬಂದಾಗ ಕಣಿವೆಗೂ ಅದೇ ಹೆಸರಾಯಿತು. ಆ ತಂಡದಲ್ಲಿದ್ದ ಕಾಲಿನ್ ಬುಲ್ ಅದಕ್ಕೂ ಮುಂಚೆ ಗ್ರೀನ್‌ಲ್ಯಾಂಡ್ ಯಾತ್ರೆಯಲ್ಲಿದ್ದವರು. ಅಲ್ಲಿ ಜಾರುಬಂಡಿ ಎಳೆಯುತ್ತಿದ್ದ ನಾಯಿಯೊಂದರ ಹೆಸರು ವಾಂಡಾ. ಅದು ಸರೋವರದ ಹೆಸರಾಯಿತು. ರಾಜಮಹಾರಾಜರ, ಹಣ ಕೊಟ್ಟ ಧಣಿಗಳ ಹೆಸರುಗಳೇ ತುಂಬಿಕೊಂಡಿರುವ ಅಂಟಾರ್ಕ್ಟಿಕಾದ ಭೂಪಟದಲ್ಲಿ ಒಂದು ದುಡಿಯುವ ನಾಯಿಗೂ ಜಾಗ ಸಿಕ್ಕಿದ್ದು ನನಗಂತೂ ಸಮಾಧಾನದ ವಿಷಯ.

ಸುತ್ತಲೂ ಹಿಮವಿರುವಾಗ ಈ ಕಣಿವೆಗಳು ಮಾತ್ರ ಒಣಗಿರುವುದೇಕೆ? ಮೊದಲ ಕಾರಣ, ಅಡ್ಡ ನಿಂತ ಪರ್ವತಗಳು. ಪೂರ್ವ ಅಂಟಾರ್ಕ್ಟಿಕಾದ ಬೃಹತ್ ಹಿಮಹಾಸು ಸಮುದ್ರದ ಕಡೆಗೆ ನಿಧಾನವಾಗಿ ಜರುಗುತ್ತಿರುತ್ತದೆ. ಅದನ್ನು ಟ್ರಾನ್ಸ್‌ಅಂಟಾರ್ಕ್ಟಿಕ್ ಪರ್ವತಶ್ರೇಣಿ ಇಲ್ಲಿ ಅಡ್ಡಗಟ್ಟಿದೆ. ರೈಟ್ ಕಣಿವೆಯ ಪಶ್ಚಿಮದ ತುದಿಯಲ್ಲಿ ಒಂದಿಷ್ಟು ಮಂಜುಗಡ್ಡೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಬೀಳುತ್ತದಾದರೂ ಸ್ವಲ್ಪ ದೂರದಲ್ಲೇ ನಿಂತುಬಿಡುತ್ತದೆ. ಎರಡನೆಯದು, ಗಾಳಿ. ಎತ್ತರದ ಹಿಮಪ್ರಸ್ಥಭೂಮಿಯ ಮೇಲೆ ತಣ್ಣಗಾಗಿ ಭಾರವಾದ ಗಾಳಿ ಕಣಿವೆಗಳಿಗೆ ಧುಮುಕುತ್ತದೆ. ಇಳಿಯುತ್ತಾ ಒತ್ತಡ ಹೆಚ್ಚಿ ಬೆಚ್ಚಗಾಗುತ್ತದೆ. ಬೆಚ್ಚಗಾದಷ್ಟೂ ಅದರ ಬಾಯಾರಿಕೆ ಹೆಚ್ಚು. ವರ್ಷಕ್ಕೆ ಇಲ್ಲಿ ಬೀಳುವ ಹಿಮವನ್ನೆಲ್ಲ ಕರಗಿಸಿದರೂ 100 ಮಿಲಿಮೀಟರ್ ನೀರಾಗುವುದಿಲ್ಲ. ಅದರಲ್ಲೂ ಬಹುಪಾಲು ನೀರಾಗುವುದೇ ಇಲ್ಲ, ಗಟ್ಟಿಯಿಂದ ನೇರ ಆವಿಯಾಗಿ ಹೋಗುತ್ತದೆ. ಶಾಲೆಯಲ್ಲಿ ಕರ್ಪೂರದ ಉದಾಹರಣೆ ಕೊಟ್ಟು ಉತ್ಪತನ ಎಂದು ಕಲಿಸುತ್ತಾರಲ್ಲ, ಅದೇ ಕ್ರಿಯೆ ಇಲ್ಲಿ ಇಡೀ ಕಣಿವೆಯ ಮಟ್ಟದಲ್ಲಿ ನಡೆಯುತ್ತದೆ.

ನೀರಿಲ್ಲದ ಕಡೆ ಕಲ್ಲು ಕೆತ್ತುವ ಕೆಲಸವೂ ಗಾಳಿಯ ಪಾಲಿಗೇ ಬಂದಿದೆ. ಕಣಿವೆಯ ನೆಲದಲ್ಲಿ ಬಿದ್ದಿರುವ ಡೋಲರೈಟ್ ಕಲ್ಲುಗಳಿಗೆ ಮರಳು ತಾಗಿ ತಾಗಿ ಮಟ್ಟಸ ಮುಖಗಳೂ ಚೂಪು ಅಂಚುಗಳೂ ಮೂಡಿವೆ. ಈ ಡೋಲರೈಟ್ ಸುಮಾರು 18 ಕೋಟಿ ವರ್ಷಗಳ ಹಿಂದೆ, ಗೊಂಡ್ವಾನಾ ಮಹಾಖಂಡ ಒಡೆಯಲು ಶುರುವಾದ ಕಾಲದಲ್ಲಿ, ಶಿಲಾರಸವಾಗಿ ಮರಳುಗಲ್ಲಿನ ಪದರಗಳ ನಡುವೆ ನುಗ್ಗಿ ಗಟ್ಟಿಯಾದದ್ದು. ಆಗ ನಮ್ಮ ಪರ್ಯಾಯ ದ್ವೀಪವೂ ಅಂಟಾರ್ಕ್ಟಿಕಾದ ಮಗ್ಗುಲಲ್ಲೇ ಅಂಟಿಕೊಂಡಿತ್ತು. ಇಂಥ ಕಲ್ಲುಗಳ ನಡುವೆ ಅಲ್ಲಲ್ಲಿ ಸೀಲ್ ಪ್ರಾಣಿಗಳ ಒಣಗಿದ ಹೆಣಗಳೂ ಬಿದ್ದಿವೆ. ದಾರಿ ತಪ್ಪಿ ಸಮುದ್ರದಿಂದ ಹತ್ತಾರು ಕಿಲೋಮೀಟರ್ ತೆವಳಿಕೊಂಡು ಬಂದು ಸತ್ತವು. ಚರ್ಮ ತೊಗಲಾಗಿ, ಹಲ್ಲು ಕಿರಿದುಕೊಂಡು, ನೂರಾರು ವರ್ಷ ಹಾಗೇ ಉಳಿದಿವೆ. ಕೊಳೆಸಲು ತೇವ ಬೇಕಲ್ಲ!

ಇನ್ನು ದಿಕ್ಕಿನ ವಿಷಯ. ನದಿ ಒಳಮುಖವಾಗಿ ಹರಿಯಬೇಕಾದರೆ ಕಣಿವೆಯ ಬಾಯಿ ಅದರ ಹೊಟ್ಟೆಗಿಂತ ಎತ್ತರದಲ್ಲಿರಬೇಕು. ಸಾಮಾನ್ಯ ನದಿ ಕೊರೆದ ಕಣಿವೆ ಹೀಗಿರಲು ಸಾಧ್ಯವಿಲ್ಲ. ಹಿಮನದಿ ಕೊರೆದದ್ದು ಹೀಗಿರಬಹುದು, ಏಕೆಂದರೆ ಮಂಜುಗಡ್ಡೆಯ ರಾಶಿಗೆ ತನ್ನ ತೂಕದಿಂದ ನಡುವೆ ಆಳವಾಗಿ ತೋಡಿ, ತುದಿಯಲ್ಲಿ ದಿಬ್ಬ ಹತ್ತಿ ಹೋಗುವ ಶಕ್ತಿಯಿದೆ. ರೈಟ್ ಕಣಿವೆಯಲ್ಲಿ ಮೊದಲು ನದಿಯೂ ಆಮೇಲೆ ಹಿಮನದಿಯೂ ಕೆಲಸ ಮಾಡಿವೆ. ನಡುವೆ ಸಮುದ್ರವೂ ಒಮ್ಮೆ ಒಳಗೆ ಬಂದು ಹೋಗಿದೆ. ಕಣಿವೆಯೊಳಗಿನ ಪ್ರಾಸ್ಪೆಕ್ಟ್ ಮೇಸಾ ಎಂಬ ದಿಬ್ಬದ ಜಲ್ಲಿಯಲ್ಲಿ ಪೆಕ್ಟೆನ್ ಎಂಬ ಕಡಲ ಚಿಪ್ಪುಜೀವಿಯ ಪಳೆಯುಳಿಕೆಗಳು ಸಿಕ್ಕಿವೆ. ಹಲವು ದಶಲಕ್ಷ ವರ್ಷಗಳ ಹಿಂದೆ ಇದು ನಾರ್ವೆಯ ಕರಾವಳಿಯಲ್ಲಿರುವಂಥ ಒಂದು ಕಡಲ ಕೊರಕಲಾಗಿತ್ತು ಎಂಬುದಕ್ಕೆ ಅವು ಸಾಕ್ಷಿ. ಆಮೇಲೆ ನೆಲ ಮೇಲೆದ್ದಿತು, ಸಮುದ್ರ ಹಿಂದೆ ಸರಿಯಿತು. ಈಗ ಕರಾವಳಿಯುದ್ದಕ್ಕೂ ವಿಲ್ಸನ್ ಪೀಡ್‌ಮಾಂಟ್ ಎಂಬ ಹಿಮರಾಶಿ ಹಬ್ಬಿಕೊಂಡಿದೆ. ಅದರ ಒಂದು ನಾಲಿಗೆ ಕಣಿವೆಯ ಬಾಯಿಯನ್ನು ಬಿರಡೆಯಂತೆ ಮುಚ್ಚಿದೆ. ಅದೇ ಕೆಳ ರೈಟ್ ಹಿಮನದಿ. ಅದು ಕಡಲ ಕಡೆಯಿಂದ ಒಳಕ್ಕೆ ಚಾಚಿಕೊಂಡಿರುವುದರಿಂದ ಅದು ಕರಗಿದ ನೀರಿಗೂ ಒಳದಾರಿಯೇ ಗತಿ.

ಆ ಹಿಮನದಿಯ ಬುಡದಲ್ಲಿ ಬ್ರೌನ್‌ವರ್ತ್ ಎಂಬ ಪುಟ್ಟ ಸರೋವರವಿದೆ. ಓನಿಕ್ಸ್ ಹೊರಡುವುದು ಅಲ್ಲಿಂದ. ಉತ್ತರಕ್ಕೆ ಒಲಿಂಪಸ್ ಶ್ರೇಣಿ, ದಕ್ಷಿಣಕ್ಕೆ ಆಸ್ಗಾರ್ಡ್ ಶ್ರೇಣಿ. ದಕ್ಷಿಣದ ಗೋಡೆಯ ಮೇಲೆ ಗುಡ್‌ಸ್ಪೀಡ್, ಹಾರ್ಟ್, ಮೆಸರ್ವ್, ಬಾರ್ಟ್ಲಿ ಎಂಬ ಹಿಮನದಿಗಳು ಸಾಲಾಗಿ ನೇತುಬಿದ್ದಿವೆ. ಅವುಗಳ ಬುಡ ನೆಲಕ್ಕೆ ಹೆಪ್ಪುಗಟ್ಟಿ ಅಂಟಿಕೊಂಡಿದೆ. ಹಿಮಾಲಯದ ಗಂಗೋತ್ರಿಯಂತೆ ಅಡಿಯಿಂದ ಬುಳುಬುಳು ನೀರು ಹೊರಬರುವ ಹಿಮನದಿಗಳಲ್ಲ ಇವು. ಕರಗುವುದೇನಿದ್ದರೂ ಮೈಮೇಲೆ, ಮುಖದ ಮೇಲೆ. ಈ ನೇತು ಹಿಮನದಿಗಳ ಸಣ್ಣ ತೊರೆಗಳು ದಾರಿಯಲ್ಲಿ ಓನಿಕ್ಸ್‌ಗೆ ಸೇರಿಕೊಳ್ಳುತ್ತವೆ.

ಕರಗುವ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ನದಿಯ ಗುಟ್ಟೆಲ್ಲ ಅಲ್ಲಿದೆ. ಇಲ್ಲಿ ಅಕ್ಟೋಬರ್ ಕೊನೆಯಿಂದ ಫೆಬ್ರವರಿಯ ಮೂರನೆಯ ವಾರದವರೆಗೆ ಸೂರ್ಯ ಮುಳುಗುವುದೇ ಇಲ್ಲ. ಡಿಸೆಂಬರ್ 21ರ ಹೊತ್ತಿಗೆ ಅದು ಅತಿ ಎತ್ತರದಲ್ಲಿದ್ದಾಗಲೂ ದಿಗಂತದಿಂದ 36 ಡಿಗ್ರಿ ಮೇಲೆ ಮಾತ್ರ. ನಡುರಾತ್ರಿ 11 ಡಿಗ್ರಿ. ಅಂದರೆ ಬಿಸಿಲು ಸದಾ ಓರೆ. ಮಲಗಿದ ಹಿಮದ ಮೇಲೆ ಇಂಥ ಓರೆ ಬಿಸಿಲು ಜಾರಿಹೋಗುತ್ತದೆ, ಬಿಳುಪಿಗೆ ತಾಗಿ ಬಹುಪಾಲು ಹಿಂದಿರುಗುತ್ತದೆ. ಆದರೆ ಹಿಮನದಿಯ ತುದಿಯಲ್ಲಿ ಕಡಿದಾಗಿ ನಿಂತ ಮಂಜಿನ ಗೋಡೆಗೆ ಅದೇ ಬಿಸಿಲು ನೇರವಾಗಿ ಬಡಿಯುತ್ತದೆ. ಸುತ್ತಲಿನ ಗಾಳಿ ಶೂನ್ಯಕ್ಕಿಂತ ಒಂದೆರಡು ಡಿಗ್ರಿ ಕೆಳಗಿದ್ದರೂ ಗೋಡೆ ಬೆವರತೊಡಗುತ್ತದೆ. ಗಾಳಿ ಹೊತ್ತು ತಂದ ಧೂಳು, ಮರಳಿನ ಕಣಗಳು ಗಡ್ಡೆಯಲ್ಲಿ ಹೂತಿದ್ದರೆ ಅವು ಬಿಸಿಲನ್ನು ಹೀರಿ ತಮ್ಮ ಸುತ್ತ ಗುಳಿ ಮಾಡಿಕೊಳ್ಳುತ್ತವೆ. ಹನಿ, ಹನಿಯಿಂದ ಎಳೆ, ಎಳೆಯಿಂದ ತೊರೆ.

ಒಂದು ಮೋಡ ಬಂದರೆ ಸಾಕು, ತೊರೆ ಬಡವಾಗುತ್ತದೆ. ತೆಳುವಾಗಿ ಹೊಸ ಹಿಮ ಬಿದ್ದರೆ ಇನ್ನೂ ಕಷ್ಟ. ಹಳೆಯ ನೀಲಿ ಗಡ್ಡೆಯ ಮೇಲೆ ಬಿಳಿ ಹೊದಿಕೆ ಹಾಸಿದಂತಾಗಿ ಬಿಸಿಲು ವಾಪಸಾಗುತ್ತದೆ, ನದಿ ದಿನಗಟ್ಟಲೆ ಸೊರಗುತ್ತದೆ. ಹಿಮ ಬಿದ್ದರೆ ಬತ್ತುವ ನದಿ ಎಂದದ್ದು ಇದಕ್ಕೇ. ಮೋಡವಿಲ್ಲದ ದಿನವೂ ಹರಿವು ಒಂದೇ ಸಮ ಇರುವುದಿಲ್ಲ. ಯಾವ ಹಿಮನದಿ ಯಾವ ದಿಕ್ಕಿಗೆ ಮುಖ ಮಾಡಿದೆಯೋ, ಸೂರ್ಯ ಅದರೆದುರು ಬಂದ ಹೊತ್ತಿಗೆ ಅದರ ತೊರೆ ತುಂಬುತ್ತದೆ. ಹಾಗಾಗಿ ಪ್ರತಿ ತೊರೆಗೂ ದಿನದಲ್ಲಿ ತನ್ನದೇ ಒಂದು ಏರುಹೊತ್ತು, ಒಂದು ಇಳಿಹೊತ್ತು. ಬೆಳಿಗ್ಗೆ ದಾಟಿದ ತೊರೆ ಸಂಜೆಗೆ ದಾಟಲಾಗದಷ್ಟು ಏರಿರುವುದೂ ಉಂಟು.

ವರ್ಷದ ಮೊದಲ ನೀರಿಗೆ ಇನ್ನೊಂದು ಪರೀಕ್ಷೆಯಿದೆ. ಹತ್ತು ತಿಂಗಳು ಒಣಗಿದ ಜಲ್ಲಿಯ ಪಾತ್ರ ಮೊದಲು ತಾನು ಕುಡಿಯುತ್ತದೆ. ಸ್ವಲ್ಪ ಆಳಕ್ಕೆ ಹೋದರೆ ಯಾವ ಕಾಲಕ್ಕೂ ಕರಗದ ಹೆಪ್ಪುನೆಲ. ನೀರು ಅದರಾಚೆ ಇಂಗಲಾರದು. ಆದ್ದರಿಂದ ಅದು ಪಾತ್ರದ ಅಡಿಯಲ್ಲೂ ಇಕ್ಕೆಲದಲ್ಲೂ ಅಡ್ಡಡ್ಡ ಹರಡಿಕೊಳ್ಳುತ್ತದೆ. ದಡದ ಎರಡೂ ಬದಿಗೆ ತೇವದ ಕಪ್ಪು ಪಟ್ಟಿ ಮೂಡುತ್ತದೆ, ಅದರ ಹೊರ ಅಂಚಿನಲ್ಲಿ ನೀರು ಆವಿಯಾದ ಕಡೆ ಉಪ್ಪಿನ ಬಿಳಿ ಗೆರೆ. ಈ ನೆನೆದ ಜಲ್ಲಿಯೊಳಗೆ ನೀರು ನುಸುಳುತ್ತಾ, ಮತ್ತೆ ತೊರೆಗೆ ಬರುತ್ತಾ, ಕಲ್ಲಿನಿಂದ ಖನಿಜಗಳನ್ನು ಕರಗಿಸಿಕೊಳ್ಳುತ್ತದೆ. ಇಷ್ಟು ಚಳಿಯಲ್ಲಿ ರಾಸಾಯನಿಕ ಶಿಥಿಲತೆ ನಡೆಯುವುದೇ ಇಲ್ಲ ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ಈ ಕಣಿವೆಗಳ ತೊರೆಗಳಲ್ಲಿ ಅದು ಸಾಕಷ್ಟು ಚುರುಕಾಗಿಯೇ ನಡೆಯುತ್ತದೆಂದು ಕೊಲರಾಡೊ ವಿಶ್ವವಿದ್ಯಾಲಯದ ಡಯಾನ್ ಮಕ್‌ನೈಟ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದ್ದಾರೆ.

1969ರ ಹೊತ್ತಿನಿಂದ ನ್ಯೂಜಿಲೆಂಡಿನವರು, ಮುಂದೆ ಅಮೆರಿಕದವರು, ಓನಿಕ್ಸ್‌ನ ಹರಿವನ್ನು ಅಳೆಯುತ್ತಾ ಬಂದಿದ್ದಾರೆ. ಅಂಟಾರ್ಕ್ಟಿಕಾದ ಯಾವ ನದಿಗೂ ಇಷ್ಟು ಹಳೆಯ ದಾಖಲೆ ಇಲ್ಲ. ಆ ಅಂಕಿಗಳು ವರ್ಷದಿಂದ ವರ್ಷಕ್ಕೆ ಎಷ್ಟು ಏರಿಳಿಯುತ್ತವೆಂದರೆ, ಸರಾಸರಿ ಎಂಬ ಮಾತಿಗೆ ಇಲ್ಲಿ ಅಷ್ಟೇನೂ ಅರ್ಥವಿಲ್ಲ. ಚಳಿ ಬೇಸಿಗೆಯಲ್ಲಿ ಸರೋವರಕ್ಕೆ ಸೇರುವುದು ತೀರ ಕಡಿಮೆ ನೀರು. 2001–02ರ ಬೇಸಿಗೆಯಲ್ಲಿ ಮಾತ್ರ ಕೆಲವು ವಾರ ಬಿಸಿ ಏರಿ ಎಲ್ಲ ಕಣಿವೆಗಳ ತೊರೆಗಳೂ ದಡ ಮೀರಿದವು. ಅದಕ್ಕೆ ಹಿಂದಿನ ಹದಿನೈದು ವರ್ಷ ಈ ಪ್ರದೇಶ ತಣ್ಣಗಾಗುತ್ತಿತ್ತು. ಟೇಲರ್ ಕಣಿವೆಯ ಸರೋವರಗಳು ಅಷ್ಟು ವರ್ಷಗಳಲ್ಲಿ ಕಳೆದುಕೊಂಡದ್ದನ್ನು ಆ ಒಂದೇ ಬೇಸಿಗೆ ತುಂಬಿಕೊಟ್ಟಿತು. ಇಲ್ಲಿ ಒಂದೆರಡು ಡಿಗ್ರಿಯ ವ್ಯತ್ಯಾಸವೆಂದರೆ ನದಿ ಇರುವುದು ಮತ್ತು ಇಲ್ಲದಿರುವುದರ ವ್ಯತ್ಯಾಸ. ಜಗತ್ತಿನಲ್ಲಿ ಇಷ್ಟು ಸೂಕ್ಷ್ಮವಾದ ಉಷ್ಣಮಾಪಕ ಇನ್ನೊಂದು ಇದೆಯೇ ಎಂದು ಸಂಶಯ.

ಈಗ ಸ್ಕಾಟ್‌ರ ತೀರ್ಮಾನಕ್ಕೆ ಬರೋಣ. ಬೇಸಿಗೆಯಲ್ಲಿ ಓನಿಕ್ಸ್‌ನ ದಡದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದರೆ ಕಲ್ಲುಗಳ ಮೇಲೆ ಕಿತ್ತಳೆ ಬಣ್ಣದ, ತೊಗಲಿನಂಥ ಒಂದು ಪೊರೆ ಕಾಣುತ್ತದೆ. ದಡದ ಅಂಚಿನ ತೇವದಲ್ಲಿ ಕಪ್ಪು ಪೊರೆ. ಕಲ್ಲಿನ ಸಂದಿಗಳಲ್ಲಿ ಕಡು ಹಸಿರು. ಇವೆಲ್ಲ ಸಯನೊಬ್ಯಾಕ್ಟೀರಿಯಾ ಮತ್ತು ಪಾಚಿಗಳ ಹಾಸುಗಳು. ಕಪ್ಪು ಹಾಸು ನೋಸ್ಟಾಕ್ ಎಂಬುದು. ಮುಂಗಾರಿನಲ್ಲಿ ನಮ್ಮ ಗದ್ದೆಬದು, ಮೈದಾನಗಳಲ್ಲಿ ಲೋಳೆಲೋಳೆಯಾಗಿ ಕಾಣಿಸಿಕೊಳ್ಳುವುದೂ ಇದೇ ಕುಲದ್ದು. ವಾಂಡಾ ಸರೋವರಕ್ಕೆ ಕೆಲವು ಕಿಲೋಮೀಟರ್ ಮೊದಲು ನದಿ ಬಂಡೆಗಲ್ಲುಗಳ ಒಂದು ಮಟ್ಟಸ ಹಾಸಿನ ಮೇಲೆ ಅಗಲವಾಗಿ ಹರಡುತ್ತದೆ. ಕಲ್ಲು ಅಲುಗಾಡದ್ದರಿಂದ ಅಲ್ಲಿ ಈ ಪೊರೆಗಳು ಸಮೃದ್ಧವಾಗಿವೆ. ಅವುಗಳೊಳಗೆ ಡಯಾಟಮ್‌ಗಳು, ಅವನ್ನೆಲ್ಲ ಮೇಯುವ ದುಂಡುಹುಳುಗಳು, ರೋಟಿಫರ್‌ಗಳು, ಎಂಟು ಕಾಲಿನ ನೀರುಕರಡಿಗಳು. ಈ ನದಿಯ ಅತಿ ದೊಡ್ಡ ಪ್ರಾಣಿಯನ್ನು ನೋಡಲೂ ಸೂಕ್ಷ್ಮದರ್ಶಕ ಬೇಕು.

ಫೆಬ್ರವರಿ ಮುಗಿಯುವಷ್ಟರಲ್ಲಿ ನೀರು ನಿಂತಿರುತ್ತದೆ. ಹಾಸು ಒಣಗಿ ಹಪ್ಪಳದಂತೆ ಗರಿಗರಿಯಾಗುತ್ತದೆ, ಚೂರುಗಳು ಗಾಳಿಗೆ ಹಾರುತ್ತವೆ. ನಾಲ್ಕು ತಿಂಗಳ ಸೂರ್ಯನಿಲ್ಲದ ಚಳಿಗಾಲವನ್ನು ಅದು ಹಾಗೇ ಕಳೆಯುತ್ತದೆ. ಸತ್ತಿದೆಯೇ ಎಂದರೆ ಇಲ್ಲ, ಬದುಕಿದೆಯೇ ಎಂದರೆ ಆ ಹೊತ್ತಿಗೆ ಅದೂ ಇಲ್ಲ. ಈ ಸ್ಥಿತಿಯಲ್ಲಿ ಎಷ್ಟು ಕಾಲ ಉಳಿಯಬಲ್ಲದು? ಮಕ್‌ನೈಟ್ ತಂಡ 1990ರ ದಶಕದ ಮಧ್ಯದಲ್ಲಿ ಟೇಲರ್ ಕಣಿವೆಯಲ್ಲಿ ಒಂದು ಸರಳ ಪ್ರಯೋಗ ಮಾಡಿತು. ಸುಮಾರು ಎರಡು ದಶಕಗಳಿಂದ ನೀರು ಕಾಣದೆ ಬಿದ್ದಿದ್ದ ಹಳೆಯ ಪಾತ್ರವೊಂದಕ್ಕೆ, ಪಕ್ಕದ ತೊರೆಯಿಂದ ಮರಳಿನ ಚೀಲಗಳ ಅಡ್ಡಗಟ್ಟೆ ಹಾಕಿ ನೀರು ತಿರುಗಿಸಿದರು. ಇಪ್ಪತ್ತು ವರ್ಷ ಸತ್ತಂತೆ ಬಿದ್ದಿದ್ದ ಹಾಸು ನೀರು ತಾಗಿದ ಕೆಲವೇ ದಿನಗಳಲ್ಲಿ ದ್ಯುತಿಸಂಶ್ಲೇಷಣೆ ನಡೆಸತೊಡಗಿತು. ಕೆಲವು ವಾರಗಳಲ್ಲಿ ಪಾತ್ರ ತುಂಬಿಕೊಂಡಿತು. ಬೀಜ ತಂದು ಬಿತ್ತಿದವರು ಯಾರೂ ಇಲ್ಲ. ಎಲ್ಲ ಅಲ್ಲೇ ಇತ್ತು.

ಇಲ್ಲಿ ಜೀವವಿದೆ ಎಂದು ಸಾಧಿಸಲು ಹೊರಟು ಪ್ರಾಣ ತೆತ್ತವರೂ ಇದ್ದಾರೆ. ವುಲ್ಫ್ ವಿಷ್ನಿಯಾಕ್ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಜ್ಞಾನಿ. ಮಂಗಳಗ್ರಹಕ್ಕೆ ಹೊರಟಿದ್ದ ವೈಕಿಂಗ್ ನೌಕೆಗಾಗಿ ಜೀವಪತ್ತೆಯ ಉಪಕರಣ ರೂಪಿಸಿದ್ದರು. ಖರ್ಚಿನ ಕಾರಣಕ್ಕೆ ನೌಕೆಯಿಂದ ಅದನ್ನು ಕೈಬಿಡಲಾಯಿತು. ಆಗ ಅವರು ಭೂಮಿಯ ಮೇಲೇ ಮಂಗಳಕ್ಕೆ ಅತ್ಯಂತ ಹೋಲುವ ಈ ಕಣಿವೆಗಳಿಗೆ ಬಂದರು. ಈ ಮಣ್ಣು ನಿರ್ಜೀವ ಎಂಬ ವಾದ ಆಗ ಬಲವಾಗಿತ್ತು. ವಿಷ್ನಿಯಾಕ್ ಗಾಜಿನ ಸ್ಲೈಡುಗಳನ್ನು ಮಣ್ಣಿನಲ್ಲಿ ಹೂತು, ಅವುಗಳ ಮೇಲೆ ಸೂಕ್ಷ್ಮಜೀವಿಗಳು ಬೆಳೆಯುವುದನ್ನು ತೋರಿಸಿದರು. 1973ರ ಡಿಸೆಂಬರ್‌ನಲ್ಲಿ ಆಸ್ಗಾರ್ಡ್ ಶ್ರೇಣಿಯಲ್ಲಿ ಮಾದರಿಗಳನ್ನು ತರಲು ಒಬ್ಬರೇ ಹೋದವರು ಕಡಿದಾದ ಇಳಿಜಾರಿನಲ್ಲಿ ಜಾರಿ ಬಿದ್ದು ಮೃತಪಟ್ಟರು. ಅವರು ಸಂಗ್ರಹಿಸಿದ್ದ ಕಲ್ಲುಗಳು ಇಮ್ರೆ ಫ್ರೀಡ್‌ಮನ್ ಎಂಬ ಇನ್ನೊಬ್ಬ ವಿಜ್ಞಾನಿಯ ಕೈ ಸೇರಿದವು. ಮರಳುಗಲ್ಲಿನ ಮೇಲ್ಮೈಯಿಂದ ಒಂದೆರಡು ಮಿಲಿಮೀಟರ್ ಒಳಗೆ, ಕಲ್ಲಿನ ಹರಳುಗಳ ನಡುವಿನ ಸಂದಿಯಲ್ಲೇ, ಜೀವದ ಹಸಿರು ಪದರವಿತ್ತು.

ನದಿಯನ್ನು ಅದರ ಕೊನೆಯವರೆಗೆ ಹಿಂಬಾಲಿಸಿದರೆ ಸಿಗುವುದು ಇನ್ನೂ ದೊಡ್ಡ ಬೆರಗು. ವಾಂಡಾ ಸರೋವರದ ಮೇಲೆ ಸದಾಕಾಲ ಮೂರು ನಾಲ್ಕು ಮೀಟರ್ ದಪ್ಪದ ಗಡ್ಡೆಯಿದೆ. ಬೇಸಿಗೆಯಲ್ಲಿ ದಡದುದ್ದಕ್ಕೂ ಅದು ಕರಗಿ ಕಂದಕದಂತೆ ನೀರಿನ ಪಟ್ಟಿ ಬಿಟ್ಟುಕೊಳ್ಳುತ್ತದೆ. ಓನಿಕ್ಸ್ ಬೀಳುವುದು ಆ ಪಟ್ಟಿಗೆ. ಗಡ್ಡೆಯಲ್ಲಿ ರಂಧ್ರ ಕೊರೆದು ಉಷ್ಣಮಾಪಕ ಇಳಿಬಿಟ್ಟವರು ದಂಗಾದರು. ಮೇಲೆ ವರ್ಷದ ಸರಾಸರಿ ಗಾಳಿ ಮೈನಸ್ 20 ಡಿಗ್ರಿಯ ಸುಮಾರು. ಗಡ್ಡೆಯ ಕೆಳಗೆ ನೀರು ಶೂನ್ಯದ ಸಮೀಪ. ಇಳಿದಂತೆ ಬೆಚ್ಚಗಾಗುತ್ತಾ, ಸುಮಾರು 70 ಮೀಟರ್ ಆಳದ ತಳದಲ್ಲಿ 25 ಡಿಗ್ರಿ ಸೆಲ್ಸಿಯಸ್! ನವೆಂಬರಿನ ಬೆಂಗಳೂರಿನ ಮಧ್ಯಾಹ್ನದ ಹವೆ.

ಭೂಗರ್ಭದ ಶಾಖ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಉತ್ತರ. ಹತ್ತಿರದಲ್ಲೇ ಎರೆಬಸ್ ಜ್ವಾಲಾಮುಖಿ ಹೊಗೆಯಾಡುತ್ತಿರುವಾಗ ಅದು ಸಹಜವೂ ಹೌದು. ಆದರೆ 1962ರಲ್ಲಿ ವಿಲ್ಸನ್ ಮತ್ತು ವೆಲ್‌ಮನ್ ಎಂಬ ನ್ಯೂಜಿಲೆಂಡಿನ ಇಬ್ಬರು ವಿಜ್ಞಾನಿಗಳು ಬೇರೆಯೇ ಉತ್ತರ ಕೊಟ್ಟರು: ಬಿಸಿಲು. ಸರೋವರದ ಗಡ್ಡೆ ಹಿಮವಿಲ್ಲದೆ ಸ್ವಚ್ಛವಾಗಿದೆ, ನೀರು ಅಸಾಧಾರಣ ತಿಳಿ. ಬೆಳಕು ತಳದವರೆಗೂ ಇಳಿಯುತ್ತದೆ. ತಳದ ನೀರಿನಲ್ಲಿ ಸಮುದ್ರಕ್ಕಿಂತ ಹಲವು ಪಟ್ಟು ಉಪ್ಪು, ಅದರಲ್ಲೂ ಹೆಚ್ಚಾಗಿ ಕ್ಯಾಲ್ಸಿಯಂ ಕ್ಲೋರೈಡ್. ಬಿಸಿಯಾದ ನೀರು ಹಗುರಾಗಿ ಮೇಲೇಳಬೇಕು. ಉಪ್ಪಿನ ಭಾರ ಅದನ್ನು ಏಳಗೊಡುವುದಿಲ್ಲ. ಸಾವಿರ ವರ್ಷಗಳ ಬಿಸಿಲು ಅಲ್ಲಿ ಸಿಕ್ಕಿಬಿದ್ದಿದೆ. ಸರೋವರದ ತಳದ ಕೆಸರಿನೊಳಗೆ ಅಳೆದಾಗ ಕೆಳಗಿಳಿದಂತೆ ಶಾಖ ಕಡಿಮೆಯಾಗುವುದು ಕಂಡಿತು. ಶಾಖ ಕೆಳಗಿನಿಂದ ಬರುತ್ತಿಲ್ಲ, ಸರೋವರದಿಂದ ಕೆಳಕ್ಕೆ ಹೋಗುತ್ತಿದೆ. ಅಲ್ಲಿಗೆ ವಾದ ಮುಗಿಯಿತು.

ಇದೇ ತತ್ತ್ವದ ಮೇಲೆ ಮನುಷ್ಯರು ಕಟ್ಟುವ ಕೊಳಗಳಿಗೆ ಸೌರಕೊಳ ಎನ್ನುತ್ತಾರೆ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಯೋಗಿಕವಾಗಿ ಒಂದು ಸೌರಕೊಳವಿತ್ತು. 1990ರ ದಶಕದಲ್ಲಿ ಗುಜರಾತಿನ ಭುಜ್‌ನಲ್ಲಿ 6,000 ಚದರ ಮೀಟರಿನ ಉಪ್ಪುಕೊಳದಿಂದ ಹಾಲಿನ ಡೇರಿಯೊಂದಕ್ಕೆ ಬಿಸಿನೀರು ಒದಗಿಸುತ್ತಿದ್ದರು. ವಾಂಡಾದಲ್ಲಿ ಅಂಥದ್ದನ್ನು ನಿಸರ್ಗ ತಾನೇ ಕಟ್ಟಿಕೊಂಡಿದೆ, ಅದೂ ಗಡ್ಡೆಯ ಮುಚ್ಚಳದ ಸಮೇತ.

ಆ ಉಪ್ಪು ನದಿಯ ಇತಿಹಾಸವನ್ನೂ ಹೇಳುತ್ತದೆ. ಓನಿಕ್ಸ್‌ನ ನೀರು ಸಿಹಿ. ಆದರೆ ಸಿಹಿನೀರಿನಲ್ಲೂ ಒಂದಿಷ್ಟು ಲವಣ ಇದ್ದೇ ಇರುತ್ತದೆ. ಹೊರದಾರಿ ಇಲ್ಲದ ಸರೋವರದಿಂದ ನೀರು ಆರಿಹೋದಂತೆ ಲವಣ ಉಳಿಯುತ್ತದೆ, ದಟ್ಟವಾಗುತ್ತದೆ. ಅದರ ಮೇಲೆ ಈಗ ಹತ್ತಾರು ಮೀಟರ್ ಸಿಹಿನೀರು ನಿಂತಿದೆ. ತಳದ ಉಪ್ಪು ಸಾವಕಾಶವಾಗಿ ಮೇಲಿನ ಸಿಹಿನೀರಿಗೆ ಹರಡುತ್ತಿರುತ್ತದೆ. ಆ ಹರಡುವಿಕೆಯ ವೇಗ ಗೊತ್ತಿದ್ದರೆ ಅದು ಯಾವಾಗ ಶುರುವಾಯಿತೆಂದು ಲೆಕ್ಕ ಹಾಕಬಹುದು. 1964ರಲ್ಲಿ ವಿಲ್ಸನ್ ಹಾಗೆ ಲೆಕ್ಕ ಹಾಕಿದಾಗ ಸಿಕ್ಕ ಉತ್ತರ ಸುಮಾರು 1,200 ವರ್ಷ. ಅದಕ್ಕೆ ಮೊದಲು ಇಲ್ಲಿನ ಹವೆ ಎಷ್ಟು ತಣ್ಣಗಿತ್ತೆಂದರೆ ನದಿ ಹೆಚ್ಚುಕಡಿಮೆ ನಿಂತು, ವಾಂಡಾ ಬತ್ತಿ ಬತ್ತಿ ಉಪ್ಪಿನ ರಾಡಿಯಾಗಿ ಉಳಿದಿತ್ತು. ಆಮೇಲೆ ಓನಿಕ್ಸ್ ಮತ್ತೆ ಹರಿಯಿತು. ನಮ್ಮಲ್ಲಿ ರಾಷ್ಟ್ರಕೂಟರು ಆಳುತ್ತಿದ್ದ ಕಾಲದ ಆಸುಪಾಸು ಅದು.

ವಾಂಡಾದಿಂದ ಇನ್ನೂ ಪಶ್ಚಿಮಕ್ಕೆ ಹೋದರೆ ಡಾನ್ ಹ್ವಾನ್ ಎಂಬ ಕೊಳವಿದೆ. 1961ರಲ್ಲಿ ಅದನ್ನು ಗುರುತಿಸಿದಾಗ ಹೆಲಿಕಾಪ್ಟರ್ ಚಾಲಕರಾಗಿದ್ದ ಡಾನ್ ರೋ ಮತ್ತು ಜಾನ್ ಹಿಕಿ ಎಂಬಿಬ್ಬರ ಹೆಸರು ಕೂಡಿಸಿ ಇಟ್ಟ ತಮಾಷೆಯ ಹೆಸರು. ಪಾದ ಮುಳುಗುವಷ್ಟೂ ಆಳವಿಲ್ಲದ ಆ ಕೊಳದಲ್ಲಿ ತೂಕದ ಶೇಕಡ 40ರಷ್ಟು ಉಪ್ಪೇ. ಮೈನಸ್ 50 ಡಿಗ್ರಿಯಲ್ಲೂ ಹೆಪ್ಪುಗಟ್ಟುವುದಿಲ್ಲ. ಓನಿಕ್ಸ್‌ನ ನೀರು ಅಲ್ಲಿಗೆ ತಲುಪುವುದಿಲ್ಲವಾದ್ದರಿಂದ ಅದರ ಕಥೆ ಇಲ್ಲಿ ಬೇಡ.

ನದಿ ಸೇರುವ ಜಾಗದ ಹತ್ತಿರ ನ್ಯೂಜಿಲೆಂಡ್ 1960ರ ದಶಕದ ಕೊನೆಯಲ್ಲಿ ವಾಂಡಾ ಠಾಣೆಯನ್ನು ಕಟ್ಟಿತು. ಮೊದಲ ಚಳಿಗಾಲವನ್ನು ಅಲ್ಲಿ ಕಳೆದದ್ದು 1969ರಲ್ಲಿ. ನದಿಯ ಹರಿವು ಅಳೆಯುತ್ತಿದ್ದವರು ಅಲ್ಲಿಯ ಸಿಬ್ಬಂದಿಯೇ. 1974ರ ಜನವರಿ 5ರಂದು ಅಲ್ಲಿ 15 ಡಿಗ್ರಿ ದಾಖಲಾಯಿತು. ಗಡ್ಡೆ ಬಿಟ್ಟ ಅಂಚಿನ ನೀರಿನಲ್ಲಿ ಬಟ್ಟೆಯಿಲ್ಲದೆ ಪೂರ್ತಿ ಮುಳುಗಿ ಎದ್ದವರಿಗೆ ಸದಸ್ಯತ್ವ ಕೊಡುವ ಒಂದು ಈಜು ಸಂಘವೂ ಅಲ್ಲಿತ್ತು. ಬಂದ ಗಣ್ಯರೂ ಮುಳುಗಿ ಎದ್ದರು. ಆದರೆ ಸರೋವರ ವರ್ಷ ವರ್ಷವೂ ಏರುತ್ತಿತ್ತು. ಗಡ್ಡೆಯಿಂದ ಆವಿಯಾಗುವುದಕ್ಕಿಂತ ನದಿ ತರುವುದು ಹೆಚ್ಚಾಗಿತ್ತು. ನೀರು ಠಾಣೆಯ ಅಂಗಳಕ್ಕೆ ಬರುತ್ತದೆಂದು ಖಚಿತವಾದಾಗ 1990ರ ದಶಕದ ಮೊದಲರ್ಧದಲ್ಲಿ ಕಟ್ಟಡಗಳನ್ನು ಬಿಚ್ಚಿ ಒಯ್ದರು. ಎಣ್ಣೆ, ಬಚ್ಚಲ ನೀರು ಚೆಲ್ಲಿದ್ದ ಮಣ್ಣನ್ನೂ ಅಗೆದು ತೆಗೆದರು. ಠಾಣೆ ಇದ್ದ ನೆಲ ಆಮೇಲೆ ಸರೋವರದ ಪಾಲಾಯಿತು. 1970ರ ಸುಮಾರಿಗೆ ಹೋಲಿಸಿದರೆ ವಾಂಡಾದ ಮಟ್ಟ ಹತ್ತು ಮೀಟರಿಗೂ ಹೆಚ್ಚು ಏರಿದೆ.

2004ರಿಂದ ಈ ಕಣಿವೆಗಳು ಅಂಟಾರ್ಕ್ಟಿಕ್ ಒಪ್ಪಂದದ ಅಡಿ ವಿಶೇಷ ನಿರ್ವಹಣಾ ಪ್ರದೇಶ. ಅಲ್ಲಿ ಡೇರೆ ಹಾಕುವ ವಿಜ್ಞಾನಿಗಳು ತಮ್ಮ ಮಲವನ್ನಷ್ಟೇ ಅಲ್ಲ, ಮೂತ್ರವನ್ನೂ ಪಾತ್ರೆ ತೊಳೆದ ನೀರನ್ನೂ ಡಬ್ಬಿಗಳಲ್ಲಿ ತುಂಬಿ ಹೆಲಿಕಾಪ್ಟರಿನಲ್ಲಿ ವಾಪಸು ಕಳಿಸಬೇಕು. ತೊರೆಯ ಪಾಚಿಹಾಸನ್ನು ತುಳಿಯುವಂತಿಲ್ಲ. ಒಂದು ಲೋಟ ಚಹಾ ಚೆಲ್ಲಿದರೂ ಅದರ ಸಾರಜನಕ ಅಲ್ಲಿಯ ಮಣ್ಣಿಗೆ ದೊಡ್ಡ ಗೊಬ್ಬರ. ಅತಿ ಎನಿಸಬಹುದು, ನನಗೆ ಹಾಗನಿಸುವುದಿಲ್ಲ. ಮನುಷ್ಯ ಕೈಯಾಡಿಸದ ನದಿ ಹೇಗಿರುತ್ತದೆಂದು ನೋಡಲು ನಮಗೆ ಉಳಿದಿರುವ ಮಾದರಿಗಳು ಬೆರಳೆಣಿಕೆಯಷ್ಟು.

ರೈಟ್ ಕಣಿವೆಯಲ್ಲಿ ಭಾರತದ ನೆಲೆಯಿಲ್ಲ. ಆದರೆ ಖಂಡದ ಇನ್ನೊಂದು ಬದಿಯಲ್ಲಿ, ಇಂಥದ್ದೇ ಹಿಮವಿಲ್ಲದ ಶಿರ್ಮಾಕರ್ ಓಯಸಿಸ್‌ನಲ್ಲಿ ನಮ್ಮ ಮೈತ್ರಿ ಠಾಣೆ 1989ರಿಂದ ಇದೆ. ಅಲ್ಲೂ ನೂರಕ್ಕೂ ಹೆಚ್ಚು ಸರೋವರಗಳು, ಬೇಸಿಗೆಯಲ್ಲಿ ಕರಗಿ ಹರಿಯುವ ತೊರೆಗಳು, ಪಾಚಿಯ ಹಾಸುಗಳು. 2012ರಿಂದ ಲಾರ್ಸ್‌ಮನ್ ಗುಡ್ಡಗಳಲ್ಲಿ ಭಾರತಿ ಠಾಣೆಯೂ ಸೇರಿಕೊಂಡಿದೆ. ಈ ಯಾತ್ರೆಗಳನ್ನೆಲ್ಲ ಹೊರಡಿಸುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇರುವುದು ನಮ್ಮ ಪಕ್ಕದ ಗೋವಾದಲ್ಲಿ, ವಾಸ್ಕೋ ನಗರದಲ್ಲಿ. ವಿಶ್ವವಿದ್ಯಾಲಯಗಳ ಸಂಶೋಧಕರಿಂದ ಅದು ಯೋಜನೆಗಳನ್ನು ಆಹ್ವಾನಿಸುತ್ತದೆ. ಭೂವಿಜ್ಞಾನ, ಸಸ್ಯವಿಜ್ಞಾನ, ಸೂಕ್ಷ್ಮಜೀವಿ ವಿಜ್ಞಾನ ಓದುತ್ತಿರುವ ಹುಡುಗ ಹುಡುಗಿಯರು ಈ ಅಧ್ಯಾಯವನ್ನು ಓದುತ್ತಿದ್ದರೆ ಅದರ ಜಾಲತಾಣವನ್ನು ಒಮ್ಮೆ ನೋಡಿ, ಅರ್ಜಿ ಹಾಕಿ.